ಹೆಬ್ಬೆಟ್ಟಿನ ಗುರುತು

ತನ್ನ ಗುರುತನ್ನು ಯಾರಿಗೆ ತಿಳಿಸಬೇಕು, ಯಾರಿಗೆ ತಿಳಿಸಬೇಕಾದುದಿಲ್ಲ ಎಂಬುದನ್ನು ನಿಶ್ಚಯಿಸುವ ಅಧಿಕಾರವು ಮನುಷ್ಯನಲ್ಲಿಯೇ ಇರಬೇಕೆ? ಈ ಪ್ರಶ್ನೆಯನ್ನು ಗಣಕಯಂತ್ರದ ಯುಗವು ಹುಟ್ಟಿಸಿತೆಂದು ಹಲವರು ಭಾವಿಸಿದ್ದಾರೆ. ಆದರೆ ಕೋಲಾರದ ಚಿನ್ನದ ಗಣಿಗಳ ಕೂಲಿಗಾರರು ಇದನ್ನು 1930ರಲ್ಲಿಯೇ ಎತ್ತಿದ್ದರು. ಬೆರಳಚ್ಚನ್ನು ತೆಗೆದುಕೊಂಡು ತಮ್ಮನ್ನು ದಾಖಲೆಮಾಡುವ ಏರ್ಪಾಟು ಬಂದಾಗ ಅವರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು.

ಕಳ್ಳನಲ್ಲದವನಿಗೆ ಬೆರಳಚ್ಚಿನ ಭಯವೇಕೆ ಎಂದು ಕೇಳುವವರುಂಟು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ಗಣಿಗಳೂ ಜಾನ್ ಟೇಲರ್ ಸಂಸ್ಥೆಯೊಂದರ ಆಡಳಿತದಲ್ಲಿಯೇ ಇದ್ದುವು. ಒಂದು ಗಣಿಯಲ್ಲಿ ಮೇಸ್ತ್ರಿಯ ಕೋಪಕ್ಕೆ ಗುರಿಯಾದವನು ಬೇರೊಂದು ಹೆಸರು ಹೇಳಿ ಮತ್ತೊಂದರಲ್ಲಿ ಕೂಲಿ ಕೇಳಬಹುದಾಗಿದ್ದಿತು. ಹೆಸರನ್ನು ಬದಲಿಸಬಹುದು, ಬೌರಿಂಗ್‌ಪೇಟೆಯೇ ಬಂಗಾರಪೇಟೆಯಾಗಲಿಲ್ಲವೆ? ಬೆರಳನ್ನು ಬದಲಿಸುವಂತಿಲ್ಲ. ಇತ್ತ ಕೂಲಿಗಾರನು ಕೈಯ ಗೆರೆಯನ್ನೂ ಒಪ್ಪಿಸಬೇಕಾಗಿದ್ದಾಗ, ಅತ್ತ ಲಂಡನ್ನಿನಲ್ಲಿ ಕುಳಿತು ಲಾಭವನ್ನುಂಡ ಪಾಲುದಾರನ ಹೆಸರು ಮಾರಿಕುಪ್ಪದ ಕೂಲಿ ಲೈನುಗಳಲ್ಲಿ ಯಾರಿಗೆ ಗೊತ್ತಿದ್ದಿತು?

ದಾಖಲೆಯೇ ಕೆಟ್ಟದ್ದೆಂದು ಹೇಳಲಾಗದು. ಭೂಗರ್ಭದಲ್ಲಿ ಬಂಡೆ ಸಿಡಿದು ಸತ್ತವನ ಹೆಂಡತಿಗೆ ಪರಿಹಾರ ದೊರೆಯಬೇಕಾದರೆ ಅವನು ಯಾರೆಂಬುದು ಎಲ್ಲಿಯಾದರೂ ಬರೆದಿರಬೇಕು. ಇನ್ನು ಹೆಸರಿಲ್ಲದ ಪತ್ರದ ಮರೆಯಲ್ಲಿ ನಿಂತು ಪರರ ಮಾನ ಕಳೆಯುವವರನ್ನು ಯಾರೂ ಮೆಚ್ಚರು. ವಿವಾದವಿರುವುದು ಗುರುತಿನಲ್ಲಲ್ಲ, ಬಲಾತ್ಕಾರದಲ್ಲಿ. ಇನ್ನೊಂದು ಚಿನ್ನದ ಸೀಮೆಯಾದ ಟ್ರಾನ್ಸ್‌ವಾಲಿನ ವೃತ್ತಾಂತವು ಇದನ್ನು ಚೆನ್ನಾಗಿ ತೋರಿಸುತ್ತದೆ. 1908ರ ಆರಂಭದಲ್ಲಿ, ಕಡ್ಡಾಯದ ಕಾನೂನು ರದ್ದಾಗುವುದೆಂಬ ನಂಬಿಕೆಯಿಂದ, ಗಾಂಧಿಯವರು ತಾವಾಗಿಯೇ ಬೆರಳಚ್ಚು ಕೊಟ್ಟರು. ಕಾನೂನು ರದ್ದಾಗದೆ ಉಳಿಯಲು, ಆಗಸ್ಟ್ 16ರಂದು ಜೋಹಾನ್ಸ್‌ಬರ್ಗಿನಲ್ಲಿ ಭಾರತೀಯರು ಅದೇ ನೋಂದಣಿ ಪತ್ರಗಳನ್ನು ರಾಶಿಹಾಕಿ ಸುಟ್ಟರು. ಬೆರಳು ಅದೇ, ಮಸಿ ಅದೇ. ಕೊಡುವವನ ಸಮ್ಮತಿಯೊಂದು ಮಾತ್ರ ಇಲ್ಲವಾಗಿದ್ದಿತು.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿಹೋದುವು. ಬೆರಳಚ್ಚು ಮಾತ್ರ ಆಧಾರ್ ಎಂಬ ಹೆಸರಿನಿಂದ ಮನೆಮನೆಗೂ ಬಂದಿತು. ಕಲ್ಲುಮಣ್ಣಿನ ಕೆಲಸದಲ್ಲಿ ಗೆರೆ ಸವೆದ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರವು ಕೆಲವೊಮ್ಮೆ ಒಪ್ಪುವುದಿಲ್ಲ. ಬೀದಿಯವರೆಲ್ಲರೂ ಬಲ್ಲ ಮುದುಕನು ಆಗ ತಾನು ತಾನೇ ಎಂಬುದಕ್ಕೆ ಬೇರೆ ಸಾಕ್ಷಿಯನ್ನು ಹುಡುಕಬೇಕಾಗುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದುದರ ಫಲವಾಗಿ, ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. 2018ರ ತೀರ್ಪು ಆಧಾರನ್ನು ಉಳಿಸಿತಾದರೂ ಖಾಸಗಿ ಸಂಸ್ಥೆಗಳು ಅದನ್ನು ಕೇಳುವುದಕ್ಕಿದ್ದ ಅವಕಾಶವನ್ನು ತೆಗೆದುಹಾಕಿತು. 2019ರ ತಿದ್ದುಪಡಿಯು ಸ್ವಇಚ್ಛೆಯಿಂದ ಕೊಡಬಹುದೆಂಬ ಬಾಗಿಲನ್ನು ಮತ್ತೆ ತೆರೆಯಿತು.

ಈ ಸ್ವಇಚ್ಛೆ ಎಂಬ ಮಾತು ಪರೀಕ್ಷೆಗೆ ಅರ್ಹವಾದುದು. ಗಣಿಯ ಮಕ್ಕಳು ಈಗ ಬಂಗಾರಪೇಟೆಯ ಮೇಲಾಗಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನಸುಕಿನ ರೈಲಿನಲ್ಲಿ ನಿಂತು ಬಂದವನ ಮುಂದೆ ಯಾರಾದರೊಬ್ಬರು ಯಂತ್ರವನ್ನು ಹಿಡಿದು, ಇಷ್ಟವಿದ್ದರೆ ಬೆರಳಿಡು ಎಂದರೆ, ಒಲ್ಲೆನೆಂದ ಮೇಲೆಯೂ ಅವನಿಗೆ ಆ ದಿನದ ಕೆಲಸ ದೊರೆಯುವುದೆ?