ಮಮತೆ ಮತ್ತು ಮಮಕಾರ

ಪ್ರೀತಿಯನ್ನು ಹೊಗಳದ ಧರ್ಮವಿಲ್ಲ. ಆದರೆ ಪ್ರೀತಿಯೆಂಬ ಹೆಸರಿನಲ್ಲಿ ನಡೆಯುವುದೆಲ್ಲವೂ ಪ್ರೀತಿಯೇ ಹೌದೋ ಅಲ್ಲವೋ ಎಂದು ವಿಚಾರಿಸಿ ನೋಡುವವರು ವಿರಳ. ‘ಮಮತೆ’ ಎಂಬ ನಮ್ಮ ಸವಿಮಾತನ್ನೇ ತೆಗೆದುಕೊಳ್ಳೋಣ. ತಾಯಿಯ ಅಕ್ಕರೆಯನ್ನು ಹೇಳುವುದಕ್ಕೆ ನಾವು ಈ ಮಾತನ್ನು ಬಳಸುತ್ತೇವೆ. ಆದರೆ ಅದರ ಮೂಲದಲ್ಲಿರುವುದು ‘ಮಮ’, ಎಂದರೆ ‘ನನ್ನದು’ ಎಂಬ ಭಾವ. ಅದೇ ಮೂಲದಿಂದ ‘ಮಮಕಾರ’ ಎಂಬ ಇನ್ನೊಂದು ಮಾತೂ ಹುಟ್ಟಿದೆ. ಮಮತೆ ಎಲ್ಲಿ ಮುಗಿದು ಮಮಕಾರ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅರಿಯುವುದು ಸಾಧಕನಿಗೆ ಮಾತ್ರವಲ್ಲ, ಸಂಸಾರಿಗೂ ಅವಶ್ಯವಾದ ವಿವೇಕ.

ಈ ಪ್ರಶ್ನೆಯನ್ನು ಇಂದು ಎತ್ತಲು ಕಾರಣವಿದೆ. ಸಿರಿವಂತ ದೇಶಗಳಲ್ಲಿ, ಈಚೆಗೆ ನಮ್ಮ ನಗರಗಳಲ್ಲಿಯೂ, ನಾಯಿಯನ್ನು ಮನೆಯ ಮಗುವಿನಂತೆ ಸಾಕುವ ರೂಢಿ ಬೆಳೆದಿದೆ. ಅದಕ್ಕೆ ಹಾಸಿಗೆ, ಉಡುಪು, ಹುಟ್ಟುಹಬ್ಬದ ಸಿಹಿತಿಂಡಿ ಎಲ್ಲವೂ ಉಂಟು. ಇದನ್ನು ಕಂಡವರು ಸಹಜವಾಗಿಯೇ ಕೇಳುತ್ತಾರೆ: ತಲೆಯ ಮೇಲೆ ಸೂರಿಲ್ಲದ ಮನುಷ್ಯರಿರುವ ಲೋಕದಲ್ಲಿ ನಾಯಿಗೆ ಮೆತ್ತನೆಯ ಹಾಸಿಗೆಯೇ? ಈ ಆಕ್ಷೇಪಣೆಯನ್ನು ಅಸೂಯೆಯ ಮಾತೆಂದು ತಳ್ಳಿಹಾಕಲಾಗದು. ಸಂಪೂರ್ಣ ಸತ್ಯವೆಂದು ಒಪ್ಪಲೂ ಆಗದು. ನಾಯಿಯ ಮೇಲಿನ ಮುದ್ದು, ಮನೆಗಾಗಿ ಮನುಷ್ಯರ ಪರದಾಟ, ಇವೆರಡನ್ನೂ ಒಂದೇ ಕಡೆ ಸ್ಪಷ್ಟವಾಗಿ ಕಾಣಬಹುದಾದ ಒಂದು ಸಣ್ಣ ನಾಡನ್ನು ನಿದರ್ಶನವಾಗಿಟ್ಟುಕೊಂಡು ವಿಚಾರಿಸೋಣ.

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿ, ಫ್ರಾನ್ಸಿನ ತೀರಕ್ಕೆ ಹತ್ತಿರವಾಗಿ, ಗರ್ನ್ಸಿ ಎಂಬ ದ್ವೀಪವಿದೆ. ಅದರ ವಿಸ್ತಾರ ಸುಮಾರು ೬೫ ಚದರ ಕಿಲೋಮೀಟರು; ಜನಸಂಖ್ಯೆ ೬೪ ಸಾವಿರದ ಆಸುಪಾಸು. ಅದು ಬ್ರಿಟಿಷ್ ರಾಜಮುಕುಟಕ್ಕೆ ಅಧೀನವಾಗಿದ್ದರೂ ತನ್ನದೇ ಶಾಸನಸಭೆಯನ್ನೂ ತನ್ನದೇ ಕಾನೂನುಗಳನ್ನೂ ಹೊಂದಿದೆ. ನೆಲ ಕಡಿಮೆ, ಬರಲು ಬಯಸುವವರು ಹೆಚ್ಚು. ಆದಕಾರಣ ಎರಡನೆಯ ಮಹಾಯುದ್ಧದ ತರುವಾಯ ಆ ದ್ವೀಪದವರು ಮನೆಗಳ ಮೇಲೆ ನಿಯಂತ್ರಣವನ್ನು ವಿಧಿಸಿಕೊಂಡರು. ಅಲ್ಲಿಯ ಮನೆಗಳಲ್ಲಿ ಎರಡು ವರ್ಗಗಳಿವೆ: ಒಂದು ‘ಸ್ಥಳೀಯ ಮಾರುಕಟ್ಟೆ’, ಇನ್ನೊಂದು ‘ಮುಕ್ತ ಮಾರುಕಟ್ಟೆ’. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮನೆಗಳು ಮೊದಲನೆಯ ವರ್ಗಕ್ಕೆ ಸೇರಿವೆ. ಅವುಗಳಲ್ಲಿ ವಾಸಿಸುವ ಹಕ್ಕು ದ್ವೀಪದವರಿಗೆ, ಅಥವಾ ಉದ್ಯೋಗದ ಪರವಾನಗಿ ಪಡೆದು ಬಂದವರಿಗೆ. ಮುಕ್ತ ಮಾರುಕಟ್ಟೆಯ ಮನೆಗಳು ಪ್ರತ್ಯೇಕ ದಾಖಲೆಪುಸ್ತಕದಲ್ಲಿ ನಮೂದಾಗಿದ್ದು, ಅವುಗಳನ್ನು ಹೊರಗಿನಿಂದ ಬಂದ ಹಣವಂತರೂ ಕೊಂಡು ವಾಸಿಸಬಹುದು. ೨೦೧೭ರಿಂದ ಜಾರಿಯಲ್ಲಿರುವ ಜನಸಂಖ್ಯಾ ನಿರ್ವಹಣೆಯ ಕಾನೂನಿನ ಪ್ರಕಾರ, ದುಡಿಯಲು ಬರುವವರಿಗೆ ನಿಗದಿತ ಅವಧಿಯ ಪರವಾನಗಿ ದೊರೆಯುತ್ತದೆ. ಸ್ಥಳೀಯ ಮನೆಗಳಲ್ಲಿ ಹದಿನಾಲ್ಕು ವರ್ಷ ನಿರಂತರವಾಗಿ ಬಾಳಿದವನು ಶಾಶ್ವತ ನಿವಾಸಿಯೆನಿಸಿಕೊಳ್ಳುತ್ತಾನೆ.

ಇದರ ಉದ್ದೇಶ ಕೆಟ್ಟದ್ದೆನ್ನಲಾಗದು. ಹೊರಗಿನ ಹಣದ ಪ್ರವಾಹದಲ್ಲಿ ದ್ವೀಪದ ಬಡಮಗ ಕೊಚ್ಚಿಹೋಗಬಾರದೆಂಬುದೇ ಇದರ ಆಶಯ. ಆದರೂ ಈಚಿನ ವರ್ಷಗಳಲ್ಲಿ ಸ್ಥಳೀಯ ವರ್ಗದ ಮನೆಯ ಸರಾಸರಿ ಬೆಲೆ ಆರು ಲಕ್ಷ ಪೌಂಡುಗಳ ಸಮೀಪಕ್ಕೆ ಬಂದು ನಿಂತಿದೆ. ಗೋಡೆ ಕಟ್ಟಿ ಹೊರಗಿನವರ ಆಸೆಯನ್ನು ತಡೆಯಬಹುದು, ಒಳಗಿನವರ ಆಸೆಯನ್ನು ತಡೆಯಲು ಆ ಗೋಡೆಗೆ ಶಕ್ತಿಯಿಲ್ಲ. ಮನೆಯ ಬೆಲೆ ಏರಿತೆಂದು ಹಿಗ್ಗುವ ತಂದೆಯ ಮಗನೇ ಮನೆ ಕೊಳ್ಳಲಾರದೆ ದ್ವೀಪವನ್ನು ಬಿಟ್ಟುಹೋಗುವ ಪ್ರಸಂಗ ಬರುತ್ತದೆ. ಆಗ ತಂದೆಯ ಹಿಗ್ಗು ಯಾವುದರ ಫಲ, ಮಗನ ಅಗಲಿಕೆ ಯಾವುದರ ಫಲ ಎಂದು ಕೇಳಿದರೆ ಎರಡಕ್ಕೂ ಉತ್ತರ ಒಂದೇ ಆಗುತ್ತದೆ.

ಬಾಡಿಗೆಯ ಮನೆಯನ್ನು ಹುಡುಕುವವನ ಕಷ್ಟ ಇನ್ನೊಂದು ಬಗೆಯದು. ಮನೆಗಳು ಕಡಿಮೆಯಾದಲ್ಲಿ ಒಡೆಯನ ಷರತ್ತುಗಳು ಹೆಚ್ಚುತ್ತವೆ. ಸಾಕುಪ್ರಾಣಿ ಕೂಡದು ಎಂಬುದು ಅವುಗಳಲ್ಲಿ ಸಾಮಾನ್ಯವಾದುದು. ಹತ್ತು ವರ್ಷ ಜೊತೆಗೆ ಬಾಳಿದ ನಾಯಿಯನ್ನು, ಬಾಡಿಗೆಯ ಕರಾರು ಮುಗಿದ ಕಾರಣಕ್ಕೆ, ಪ್ರಾಣಿಗಳ ಆಶ್ರಯಧಾಮಕ್ಕೆ ಒಪ್ಪಿಸಬೇಕಾದ ಮುದುಕನ ಸ್ಥಿತಿಯನ್ನು ಊಹಿಸಿಕೊಳ್ಳಿರಿ. ಇಂಗ್ಲೆಂಡಿನಲ್ಲಿ ೨೦೨೫ರಲ್ಲಿ ಅಂಗೀಕೃತವಾದ ಬಾಡಿಗೆದಾರರ ಹಕ್ಕುಗಳ ಕಾಯಿದೆಯು, ಸಾಕುಪ್ರಾಣಿಗೆ ಅನುಮತಿ ಕೇಳುವ ಹಕ್ಕನ್ನು ಬಾಡಿಗೆದಾರನಿಗೆ ಕೊಟ್ಟು, ಒಡೆಯನು ಸಕಾರಣವಿಲ್ಲದೆ ನಿರಾಕರಿಸಬಾರದೆಂದು ವಿಧಿಸಿದೆ. ಆದರೆ ಆ ಕಾಯಿದೆ ಕಡಲನ್ನು ದಾಟಿ ಗರ್ನ್ಸಿಗೆ ಬರುವುದಿಲ್ಲ. ಅಲ್ಲಿಗೆ ಬೇಕಾದುದನ್ನು ಅಲ್ಲಿಯ ಸಭೆಯೇ ಮಾಡಬೇಕು.

ಹಾಗಾದರೆ ನಾಯಿಯನ್ನು ಪ್ರೀತಿಸುವುದೇ ತಪ್ಪೇ? ಅಲ್ಲ. ಮನುಷ್ಯನಿಗೂ ನಾಯಿಗೂ ಇರುವ ನಂಟು ಬೇಸಾಯಕ್ಕಿಂತ ಹಳೆಯದು. ಜರ್ಮನಿಯ ಬಾನ್ ನಗರದ ಬಳಿ ೧೯೧೪ರಲ್ಲಿ ಒಂದು ಪುರಾತನ ಸಮಾಧಿ ದೊರೆಯಿತು. ಸುಮಾರು ಹದಿನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಸಮಾಧಿಯಲ್ಲಿ ಒಬ್ಬ ಪುರುಷ, ಒಬ್ಬ ಸ್ತ್ರೀ, ಅವರೊಡನೆ ಒಂದು ಎಳೆಯ ನಾಯಿ ಇದ್ದವು. ಆ ಮರಿಯ ಹಲ್ಲುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಅದು ಕಠಿಣವಾದ ರೋಗದಿಂದ ವಾರಗಟ್ಟಲೆ ನರಳಿತ್ತೆಂದೂ, ಮನುಷ್ಯರ ಆರೈಕೆಯಿಲ್ಲದೆ ಅಷ್ಟು ಕಾಲ ಬದುಕಿರಲಾರದೆಂದೂ ಅಭಿಪ್ರಾಯಪಟ್ಟಿದ್ದಾರೆ. ರೋಗದ ಮರಿ ಬೇಟೆಗೆ ಬಾರದು, ಕಾವಲಿಗೂ ಬಾರದು. ಆದರೂ ಗುಡ್ಡಗಾಡಿನ ಆ ಜನ ಅದನ್ನು ಕಾಪಾಡಿದರು. ಪ್ರಯೋಜನವನ್ನು ಎಣಿಸದ ಈ ಕರುಣೆಯೇ ಮಮತೆಯ ಶುದ್ಧ ರೂಪ. ಇದನ್ನು ಯಾವ ಧರ್ಮವೂ ಅಲ್ಲಗಳೆಯದು. ಸಕಲ ಪ್ರಾಣಿಗಳಲ್ಲಿ ದಯೆಯನ್ನು ಬೋಧಿಸಿದ ಶರಣಧರ್ಮವಂತೂ ಸರ್ವಥಾ ಅಲ್ಲಗಳೆಯದು.

ಮುದ್ದು ಇದಕ್ಕಿಂತ ಬೇರೆಯಾದುದು. ಆರೈಕೆ ಮಾಡುವವನು ಪ್ರಾಣಿಗೆ ಏನು ಬೇಕೆಂದು ನೋಡುತ್ತಾನೆ. ಮುದ್ದಿಸಿ ಕೆಡಿಸುವವನು ತನಗೆ ಏನು ಹಿತವೆಂದು ನೋಡುತ್ತಾನೆ. ಊಟದ ಮೇಜಿನ ಬಳಿ ಬಾಲವಾಡಿಸುವ ನಾಯಿಗೆ ತುಂಡಿನ ಮೇಲೆ ತುಂಡು ಎಸೆಯುವವನು ನಾಯಿಯ ಹಸಿವನ್ನು ತಣಿಸುತ್ತಿಲ್ಲ. ತನ್ನನ್ನು ಒಂದು ಜೀವ ಕಣ್ಣರಳಿಸಿ ನೋಡುತ್ತದೆಂಬ ತನ್ನದೇ ಹಸಿವನ್ನು ತಣಿಸಿಕೊಳ್ಳುತ್ತಾನೆ. ನಾವು ಸವಿಯೆಂದು ತಿನ್ನುವ ಚಾಕೊಲೇಟು, ದ್ರಾಕ್ಷಿ, ಈರುಳ್ಳಿಗಳು ನಾಯಿಯ ದೇಹಕ್ಕೆ ವಿಷ. ಹಿತವಾದ ಆಹಾರವೂ ಮಿತಿಮೀರಿದರೆ ಆಯುಷ್ಯವನ್ನು ಕುಗ್ಗಿಸುತ್ತದೆ. ಅಮೆರಿಕದಲ್ಲಿ ೪೮ ಲ್ಯಾಬ್ರಡಾರ್ ನಾಯಿಗಳನ್ನು ಒಡಹುಟ್ಟಿದ ಜೋಡಿಗಳಾಗಿ ವಿಂಗಡಿಸಿ, ಜೋಡಿಯ ಒಂದಕ್ಕೆ ಇನ್ನೊಂದಕ್ಕಿಂತ ನೂರಕ್ಕೆ ಇಪ್ಪತ್ತೈದರಷ್ಟು ಕಡಿಮೆ ಆಹಾರವನ್ನು ಅವುಗಳ ಆಯುಷ್ಯದುದ್ದಕ್ಕೂ ಕೊಟ್ಟು ನೋಡಿದರು. ೨೦೦೨ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಿತವಾಗಿ ಉಂಡ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬಾಳಿದವು. ಕೀಲುನೋವಿನಂತಹ ಮುಪ್ಪಿನ ಬೇನೆಗಳೂ ಅವುಗಳಿಗೆ ತಡವಾಗಿ ಬಂದವು. ನಾಯಿಯ ಆಯುಷ್ಯದಲ್ಲಿ ಎರಡು ವರ್ಷವೆಂದರೆ ಸಣ್ಣ ಕಾಲವಲ್ಲ. ಅಷ್ಟನ್ನು ಅದರಿಂದ ಕಸಿದುಕೊಳ್ಳುವುದು ಒಡೆಯನ ದ್ವೇಷವಲ್ಲ, ಅವನ ‘ಪ್ರೀತಿ’ ಎಂಬುದನ್ನು ನಾವು ಗಮನಿಸಬೇಕು.

ಅತಿಯಾಗಿ ಮುದ್ದಿಸಿದ ನಾಯಿ ಒಂಟಿಯಾಗಿರಲಾರದು. ಒಡೆಯನು ಹೊಸ್ತಿಲು ದಾಟಿದರೆ ಬೊಗಳಿ, ಬಾಗಿಲನ್ನು ಕೆರೆದು ನೆರೆಹೊರೆಯ ನಿದ್ರೆಯನ್ನು ಕೆಡಿಸುತ್ತದೆ. ಅಂತಹ ಒಂದು ನಾಯಿಯ ನೆನಪಿನಿಂದಲೇ ಮನೆಯೊಡೆಯನೊಬ್ಬನು ಮುಂದಿನ ಹತ್ತು ಜನರಿಗೆ ಬಾಗಿಲು ಮುಚ್ಚುತ್ತಾನೆ. ಒಬ್ಬನ ಅವಿವೇಕದ ಮುದ್ದು ಇನ್ನೊಬ್ಬನ ನಿರ್ದೋಷವಾದ ಮಮತೆಗೆ ನೆಲೆಯಿಲ್ಲದಂತೆ ಮಾಡುತ್ತದೆ. ನಮ್ಮ ಮನೆಯೊಳಗಿನ ನಡತೆ ನಮಗೆ ಮಾತ್ರ ಸಂಬಂಧಿಸಿದ್ದೆಂಬ ಮಾತು ಇಲ್ಲಿ ಸುಳ್ಳಾಗುತ್ತದೆ.

ಇದೇ ಗರ್ನ್ಸಿ ದ್ವೀಪದ ಇತಿಹಾಸದಲ್ಲಿ ಮಮತೆಯ ಬಹು ಕಠಿಣವಾದ ಪರೀಕ್ಷೆಯೊಂದು ನಡೆಯಿತು. ೧೯೪೦ರ ಜೂನ್ ತಿಂಗಳಲ್ಲಿ ಜರ್ಮನ್ ಸೈನ್ಯ ಸಮೀಪಿಸುತ್ತಿದ್ದಾಗ, ಸಾವಿರಾರು ಶಾಲಾಮಕ್ಕಳೂ ಸೇರಿದಂತೆ ಸುಮಾರು ಹದಿನೇಳು ಸಾವಿರ ಜನ ಹಡಗುಗಳನ್ನೇರಿ ಇಂಗ್ಲೆಂಡಿಗೆ ಹೊರಟರು. ತೀರ್ಮಾನಕ್ಕೆ ದೊರೆತುದು ಕೆಲವೇ ಗಂಟೆಗಳು, ಕೆಲವೇ ದಿನಗಳು. ನಾಯಿಬೆಕ್ಕುಗಳನ್ನು ಕರೆದೊಯ್ಯುವಂತಿರಲಿಲ್ಲ. ಅನೇಕರು ಅವು ಹಸಿದು ಸಾಯಬಾರದೆಂದು ತಾವೇ ಪ್ರಾಣಿಧಾಮಕ್ಕೆ ಒಯ್ದು ನೋವಿಲ್ಲದ ಮರಣವನ್ನು ಕೊಡಿಸಿದರು. ದ್ವೀಪವು ೧೯೪೫ರ ಮೇ ೯ರಂದು ಬಿಡುಗಡೆಯಾಗುವವರೆಗೂ ಅವರಿಗೆ ಮನೆಗೆ ಮರಳುವ ದಾರಿಯಿರಲಿಲ್ಲ. ಒಂದೇ ವಾರದಲ್ಲಿ ಮನೆಯನ್ನೂ ಮನೆಯ ಪ್ರಾಣಿಯನ್ನೂ ಕಳೆದುಕೊಂಡವರಿಗೆ, ‘ನನ್ನದು’ ಎಂಬ ಮಾತಿನ ಅಸ್ಥಿರತೆಯನ್ನು ಯಾವ ಗ್ರಂಥವೂ ಬೋಧಿಸಬೇಕಾಗಿರಲಿಲ್ಲ.

ಅದಕ್ಕೂ ಹಿಂದೆ ಆ ದ್ವೀಪಕ್ಕೆ ನಿರಾಶ್ರಿತನಾಗಿ ಬಂದ ಮಹನೀಯನೊಬ್ಬನ ನಿದರ್ಶನ ನಮಗೆ ದಾರಿದೀಪವಾಗಬಲ್ಲದು. ಫ್ರೆಂಚ್ ಮಹಾಕವಿ ವಿಕ್ಟರ್ ಹ್ಯೂಗೊ ತನ್ನ ದೇಶದ ಅರಸನನ್ನು ಎದುರಿಸಿದ ಕಾರಣ ದೇಶಭ್ರಷ್ಟನಾಗಿ, ನೆರೆಯ ಜರ್ಸಿ ದ್ವೀಪದಿಂದಲೂ ಹೊರಹಾಕಲ್ಪಟ್ಟು, ೧೮೫೫ರಲ್ಲಿ ಗರ್ನ್ಸಿಗೆ ಬಂದನು. ಮರುವರ್ಷ ತನ್ನ ಕವನಸಂಗ್ರಹವೊಂದರಿಂದ ಬಂದ ಹಣದಲ್ಲಿ ಸೇಂಟ್ ಪೀಟರ್ ಪೋರ್ಟ್ ಪಟ್ಟಣದಲ್ಲಿ ಓತ್‌ವಿಲ್ ಭವನವನ್ನು ಕೊಂಡನು. ಮನೆಯೊಡೆಯನನ್ನು ಹೊರಹಾಕುವುದು ಸುಲಭವಲ್ಲವಾದುದರಿಂದ ಆ ಮನೆ ಅವನಿಗೆ ವಾಸಸ್ಥಾನವೂ ರಕ್ಷಣೆಯೂ ಆಯಿತು. ಅವನು ಒಂದು ನಾಯಿಯನ್ನೂ ಸಾಕಿದ್ದನು. ಅದರ ಹೆಸರು ‘ಸೆನಾ’, ಎಂದರೆ ಶಾಸನಸಭೆ. ಅರಸನ ಆಜ್ಞಾಧಾರಕವಾದ ಸಭೆಯ ಮೇಲಿನ ವಿನೋದವಾಗಿರಬೇಕು. ಆ ನಾಯಿ ದಾರಿತಪ್ಪಿದರೆ ಮನೆಗೆ ತಲುಪಿಸಬೇಕೆಂಬ ಬಿನ್ನಹವನ್ನು ಪದ್ಯರೂಪದಲ್ಲಿ ಅದರ ಕೊರಳಪಟ್ಟಿಯ ಮೇಲೆ ಕೊರೆಸಿದ್ದನು. ಇಷ್ಟೇ ಆಗಿದ್ದರೆ ಅವನು ಮನೆಯನ್ನೂ ನಾಯಿಯನ್ನೂ ಪ್ರೀತಿಸಿದ ಇನ್ನೊಬ್ಬ ಸಿರಿವಂತನಾಗುತ್ತಿದ್ದನು. ಆದರೆ ೧೮೬೨ರಿಂದ ಅವನು ದ್ವೀಪದ ಬಡಮಕ್ಕಳನ್ನು ಪ್ರತಿವಾರವೂ ಅದೇ ಮನೆಗೆ ಕರೆದು ಊಟವಿಕ್ಕಿದನು. ಹತ್ತು ಹದಿನೈದು ಮಕ್ಕಳಿಂದ ಆರಂಭವಾದ ಪಂಕ್ತಿ ನಲವತ್ತರವರೆಗೆ ಬೆಳೆಯಿತು. ಅವರಿಗೆ ಬಡಿಸಿದುದು ಉಳಿದ ಅನ್ನವಲ್ಲ. ಮನೆಯವರು ಉಣ್ಣುವ ಊಟವೇ. ಬಡವರ ಬಾಳನ್ನು ಕುರಿತ ಅವನ ಮಹಾಕಾದಂಬರಿ ‘ಲೆ ಮಿಸೆರಾಬ್ಲ್’ ಪ್ರಕಟವಾದುದೂ ಅದೇ ವರ್ಷ.

ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಇದು ದಾಸೋಹಕ್ಕೆ ಅತ್ಯಂತ ಸಮೀಪವಾದ ನಡೆ. ಮನೆಯನ್ನು ಬಿಟ್ಟುಕೊಟ್ಟು ಸನ್ಯಾಸಿಯಾಗಬೇಕೆಂದಿಲ್ಲ, ನಾಯಿಯನ್ನು ಓಡಿಸಬೇಕೆಂದಿಲ್ಲ. ‘ನನ್ನದು’ ಎಂಬ ಬಾಗಿಲನ್ನು ಒಳಗಿನಿಂದ ತೆರೆದರೆ ಸಾಕು. ಮಠದ ಪ್ರಸಾದನಿಲಯದಲ್ಲಿ ಪಂಕ್ತಿಗೆ ಕುಳಿತು ಓದಿ ಮುಂದೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರೋ ಒಬ್ಬ ರೈತನು ತನ್ನ ಕಣದ ರಾಶಿಯಲ್ಲಿ ಒಂದು ಪಾಲನ್ನು ‘ನನ್ನದಲ್ಲ’ ಎಂದುಕೊಂಡುದರಿಂದ ಅವರ ಎಲೆಗೆ ಅನ್ನ ಬಂದಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಅದೇ ಕಡಲಿನಲ್ಲಿದೆ. ಗರ್ನ್ಸಿಯ ನೆರೆಯ ಸಾರ್ಕ್ ಎಂಬ ಕಿರುದ್ವೀಪವನ್ನು ೧೫೬೫ರಲ್ಲಿ ಎಲಿಜಬೆತ್ ರಾಣಿ ಒಬ್ಬ ಪಾಳೆಯಗಾರನಿಗೆ ದತ್ತಿಯಾಗಿ ಕೊಟ್ಟಳು. ೨೦೦೮ರವರೆಗೂ ಆ ದ್ವೀಪದಲ್ಲಿ ಮರಿಹಾಕಬಲ್ಲ ಹೆಣ್ಣುನಾಯಿಯನ್ನು ಇಟ್ಟುಕೊಳ್ಳುವ ಹಕ್ಕು ಪಾಳೆಯಗಾರನೊಬ್ಬನಿಗೆ ಮಾತ್ರವಿತ್ತು. ನೆಲವೂ ಅವನಿಂದಲೇ, ನಾಯಿಯ ಸಂತತಿಯೂ ಅವನಿಂದಲೇ. ಓದುವವರಿಗೆ ನಗೆ ಬರಬಹುದು. ಆದರೆ ಇರುವವನಿಗೆ ಎಲ್ಲವೂ, ಇಲ್ಲದವನಿಗೆ ಸಣ್ಣ ಸಂತೋಷವೂ ಪರವಾನಗಿಯ ಮೇಲೆ ಎಂಬ ನ್ಯಾಯ ಹೊಸ ಹೆಸರುಗಳಿಂದ ಎಲ್ಲೆಡೆಯೂ ನಡೆದಿದೆ. ಸ್ವಂತ ಮನೆಯುಳ್ಳವನ ನಾಯಿ ಸೋಫಾದ ಮೇಲೆ ಮಲಗುತ್ತದೆ. ಬಾಡಿಗೆದಾರನ ನಾಯಿಗೆ ಹೊಸ್ತಿಲಿನ ಒಳಗೆ ಪ್ರವೇಶವಿಲ್ಲ. ಎರಡು ನಾಯಿಗಳಲ್ಲಿ ಭೇದವಿಲ್ಲ, ಭೇದವಿರುವುದು ಒಡೆಯರ ಕೈಯ ಕಾಗದಪತ್ರಗಳಲ್ಲಿ.

ಹೀಗಿರುವಾಗ ನಾಯಿಗೆ ಹಾಸಿಗೆಯೇ ಎಂದು ಆಕ್ಷೇಪಿಸುವವರಿಗೆ ಒಂದು ಮಾತನ್ನು ವಿನಯದಿಂದ ಹೇಳಬೇಕಾಗಿದೆ. ಮನುಷ್ಯನಿಗೆ ಮನೆಯಿಲ್ಲದಿರುವುದು ನಾಯಿಯ ಹಾಸಿಗೆಯಿಂದಲ್ಲ. ಆ ಹಾಸಿಗೆಯನ್ನು ಕಿತ್ತುಕೊಂಡ ಮಾತ್ರಕ್ಕೆ ಒಂದು ಕೋಣೆಯೂ ಹೆಚ್ಚಾಗದು. ಮಕ್ಕಳು ದೂರವಾದ ವೃದ್ಧೆಗೆ, ಪರವಾನಗಿಯ ಮೇಲೆ ಬಂದು ಅನ್ಯರ ತಂದೆತಾಯಿಗಳನ್ನು ಉಪಚರಿಸುವ ಒಂಟಿ ದಾದಿಗೆ, ಸಂಜೆ ಬಾಗಿಲಲ್ಲಿ ಕಾದು ನಿಲ್ಲುವ ಜೀವವೊಂದಿದ್ದರೆ ಅದನ್ನು ಭೋಗವೆಂದು ಹಳಿಯುವುದು ನಿರ್ದಯೆ. ಅಂತೆಯೇ ನಾಯಿಪ್ರಿಯರಿಗೂ ಒಂದು ಮಾತು: ಒಂದು ಜೀವದ ಮೇಲೆ ಸುರಿಯುವ ಅಕ್ಕರೆ ಇನ್ನೊಂದು ಜೀವದ ಕಷ್ಟಕ್ಕೆ ನಮ್ಮ ಕಣ್ಣನ್ನು ಮುಚ್ಚಿಸಿದರೆ, ಅದು ದಯೆಯಲ್ಲ. ನಾಯಿಯನ್ನು ಪ್ರೀತಿಸುವವನ ಕರುಣೆ ನಾಯಿಯಲ್ಲಿಯೇ ನಿಂತುಬಿಡಬಾರದು. ಅದು ಬೀದಿಯ ನಾಯಿಗೆ, ನೆರೆಯ ಬಾಡಿಗೆದಾರನಿಗೆ, ನೆಲೆಯಿಲ್ಲದ ಕೂಲಿಕಾರನಿಗೆ ಹರಿಯಬೇಕು.

ಕಲ್ಯಾಣದ ಐದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನವರು ಅದನ್ನು ಒಪ್ಪದೆ, ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ಸದ್ಭಕ್ತರಿಗೆಲ್ಲ ತಿಳಿದುದೇ. ಆ ಅಕ್ಕಿ ಕದ್ದುದಲ್ಲ, ಬೆವರಿನಿಂದ ಬಂದುದೇ. ಆದರೂ ಹೆಚ್ಚಾದುದು ಅವರಿಗೆ ಭಾರವಾಗಿ ತೋರಿತು. ನಮ್ಮ ಪ್ರೀತಿಗೂ ಆಸ್ತಿಗೂ ಹಚ್ಚಬೇಕಾದ ಒರೆಗಲ್ಲು ಇದೇ. ನಾನು ಕೊಡುತ್ತಿರುವುದು ಆ ಜೀವಕ್ಕೆ ಬೇಕಾದುದೋ, ನನ್ನ ಮನಸ್ಸಿನ ತೃಪ್ತಿಗೋ? ನನ್ನ ಎರಡನೆಯ ಮನೆ ಯಾರಾದರೊಬ್ಬರಿಗೆ ಸೂರೋ, ಬೆಲೆಯೇರಲೆಂದು ಬೀಗ ಹಾಕಿಟ್ಟ ಗಂಟೋ? ಬಾಡಿಗೆಗೆ ಬರುವವನಿಗೆ ಷರತ್ತು ಹಾಕುವಾಗ ಆ ಷರತ್ತಿನ ಕೆಳಗೆ ನಾನು ಬಾಳಬಲ್ಲೆನೇ?

ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ನಗರಗಳಲ್ಲಿಯೂ ಹೊರದೇಶಗಳಲ್ಲಿಯೂ ಮನೆಮಾಡಿ ಒಡೆಯರಾಗಿದ್ದಾರೆ. ಕೆಲವರು ಬಾಡಿಗೆಗೆ ಮನೆಗಳನ್ನು ಕೊಟ್ಟಿದ್ದಾರೆ. ಕೆಲವರ ಮನೆಯಲ್ಲಿ ಮುದ್ದಿನ ನಾಯಿಯೂ ಇರಬಹುದು. ಅವರು ನಾಯಿಗೆ ಹಿತವಾಗುವಷ್ಟೇ ಉಣಿಸಲಿ, ಅದಕ್ಕೆ ಶಿಸ್ತನ್ನು ಕಲಿಸಲಿ, ಅದರ ಮುಪ್ಪಿನಲ್ಲಿ ಕೈಬಿಡದಿರಲಿ. ಮನೆ ಕೇಳಿಕೊಂಡು ಬಂದವನನ್ನು ಅವನ ಊರು, ಕುಲ, ಸಂಸಾರಗಳ ನೆಪದಿಂದ ಹಿಂದಕ್ಕೆ ಕಳುಹಿಸುವ ಮೊದಲು, ಒಂದು ಕಾಲದಲ್ಲಿ ತಮಗೆ ಯಾರು ಬಾಗಿಲು ತೆರೆದರೆಂಬುದನ್ನು ನೆನೆಯಲಿ. ಅಷ್ಟನ್ನು ಮಾಡಿದರೆ ಮಮತೆ ತನ್ನೊಳಗಿನ ಮಮಕಾರವನ್ನು ತಾನೇ ಕಳೆದುಕೊಳ್ಳುತ್ತದೆ, ಉಳಿಯುವುದು ದಯೆಯೊಂದೇ.