ಕೈಜಾರಿದ ಒಂದು ಚೆಂಡು
ಜರ್ಮನಿಯ ಗೋಲ್‌ಕೀಪರ್‌ಗಳಲ್ಲಿ ಯಾರು ದೊಡ್ಡವರು ಅಂತ ವಾದ ಶುರುವಾದ್ರೆ ಆಲಿವರ್ ಕಾನ್ ಹೆಸರು ಬಂದೇ ಬರುತ್ತೆ. 2002ರ ವಿಶ್ವಕಪ್‌ನಲ್ಲಿ ಫೈನಲ್‌ಗೆ ಮುಂಚಿನ ಆರು ಪಂದ್ಯಗಳಲ್ಲಿ ಅವರು ಬಿಟ್ಟಿದ್ದು ಒಂದೇ ಗೋಲು. ಫೈನಲ್‌ನಲ್ಲಿ ರಿವಾಲ್ಡೋ ಹೊಡೆದ ಚೆಂಡು ಕೈಜಾರಿತು, ರೊನಾಲ್ಡೋ ಒಳಗೆ ತಳ್ಳಿದರು. ಜನಕ್ಕೆ ನೆನಪಿರೋದು ಅದೇ. ಸ್ಟ್ರೈಕರ್ ಹತ್ತು ಸಲ ತಪ್ಪಿ ಹನ್ನೊಂದನೇ ಸಲ ಗೋಲು ಹೊಡೆದ್ರೆ ಹೀರೋ. ಕೀಪರ್ ಲೆಕ್ಕ ಉಲ್ಟಾ.

2006ರಲ್ಲಿ ಕಾನ್ ಬೆಂಚಿಗೆ, ಗೋಲಿಗೆ ಯೆನ್ಸ್ ಲೇಮನ್. ಬರ್ಲಿನ್‌ನಲ್ಲಿ ಅರ್ಜೆಂಟೀನಾ ಎದುರು ಪೆನಾಲ್ಟಿ ಶೂಟೌಟ್. ಯಾರು ಯಾವ ಕಡೆ ಹೊಡೀತಾರೆ ಅಂತ ಬರೆದ ಚೀಟಿ ಲೇಮನ್ ಹತ್ತಿರ ಇತ್ತು. ಕೊನೆಗೆ ಬಂದ ಕಾಂಬಿಯಾಸೊ ಹೆಸರೇ ಅದರಲ್ಲಿರಲಿಲ್ಲ! ಆದ್ರೂ ಹಾರಿ ತಡೆದರು. ಇದು ಸಾಮರ್ಥ್ಯ, ಅದು ತಪ್ಪು ಅನ್ನೋದು ನ್ಯಾಯವಾ? ನಾನಾದ್ರೆ ಆ ಆರು ಪಂದ್ಯಗಳನ್ನೇ ತೂಗ್ತೀನಿ. ಅಂದ ಹಾಗೆ, ಆ ಶೂಟೌಟ್‌ಗೆ ಮುಂಚೆ ಬಂದು ಲೇಮನ್ ಕೈಕುಲುಕಿದವರು ಕಾನ್.