ಪೂಜೆಯ ಹೂವೂ ದುಂಬಿಯ ಪಾಲೂ

ಇಷ್ಟಲಿಂಗಾರ್ಚನೆಗೆ ಹೂವು ಬೇಕು. ಆ ಹೂವನ್ನು ಅರುಣೋದಯದಲ್ಲಿಯೇ, ಹುಳುಹುಪ್ಪಟೆ ಮುಟ್ಟುವ ಮುನ್ನ ಕೊಯ್ದು ತರಬೇಕೆಂಬುದು ಅನೇಕ ಸದ್ಗೃಹಸ್ಥರ ಮನೆಯ ಪದ್ಧತಿ. ಶುಚಿಯ ದೃಷ್ಟಿಯಿಂದ ಇದು ಸಾಧುವಾಗಿಯೇ ತೋರುತ್ತದೆ. ಆದರೆ ಹಿತ್ತಲಿನಲ್ಲಿ ಒಂದು ಹೂವನ್ನೂ ಉಳಿಸದೆ ಬುಟ್ಟಿ ತುಂಬಿಕೊಂಡು ಒಳಗೆ ಹೋದ ಮೇಲೆ, ಬಿಸಿಲೇರುತ್ತಲೇ ಬಂದ ದುಂಬಿಯು ಬರಿಗಿಡವನ್ನು ಸುತ್ತಿ ಹಿಂದಿರುಗಿದರೆ, ಆ ಪೂಜೆಯಲ್ಲಿ ಅರ್ಪಿತವಾದುದು ಯಾರ ಪದಾರ್ಥ? ಈ ಪ್ರಶ್ನೆಯನ್ನು ಅಲ್ಪವೆಂದು ತಳ್ಳಿಬಿಡಲಾಗದು.

12ನೆಯ ಶತಮಾನದಲ್ಲಿಯೇ ಬಸವಣ್ಣನವರು ಈ ತೊಡಕನ್ನು ಕಂಡಿದ್ದರು. ಹಾಲನ್ನು ಕರುವೂ ನೀರನ್ನು ಮೀನೂ ಹೂವನ್ನು ದುಂಬಿಯೂ ಮೊದಲೇ ಮುಟ್ಟಿರುವಾಗ ಪೂಜಿಸುವುದೆಂತೆಂದು ಅವರು ಒಂದು ವಚನದಲ್ಲಿ ಕಳವಳಪಡುತ್ತಾರೆ. ಆದರೆ ದುಂಬಿಯನ್ನು ಓಡಿಸುವ ಉಪಾಯವನ್ನು ಅಲ್ಲಿ ಹೇಳಲಿಲ್ಲ. ತಮ್ಮ ಅಶಕ್ತಿಯನ್ನೇ ಒಪ್ಪಿಕೊಂಡರು. ಅಕ್ಕಮಹಾದೇವಿಯವರಂತೂ ಚೆನ್ನಮಲ್ಲಿಕಾರ್ಜುನನನ್ನು ಅರಸುವಾಗ ದಾರಿ ಕೇಳಿದವರಲ್ಲಿ ದುಂಬಿಗಳ ಹಿಂಡೂ ಒಂದು.

ಈ ದುಂಬಿ ಯಾವುದೆಂದು ಕಣ್ಣಿಟ್ಟು ನೋಡಿದವರು ಕಡಿಮೆ. ಹಿಮಾಲಯದ ತಂಪುನೆಲದಲ್ಲಿ ಮೈತುಂಬ ರೋಮವುಳ್ಳ ಬೇರೊಂದು ಜಾತಿಯುಂಟು. ನಮ್ಮ ಬಯಲುಸೀಮೆಯಲ್ಲಿ ಹೊಂಗೆ ಹೂಬಿಡುವ ವಸಂತದಲ್ಲಿ ಝೇಂಕರಿಸುತ್ತ ಬರುವುದು ಮರ ಕೊರೆಯುವ ಕರಿಯ ದುಂಬಿ. ಅದರ ರೆಕ್ಕೆ ಬಿಸಿಲಿಗೆ ನೇರಳೆಯಾಗಿ ಹೊಳೆಯುತ್ತದೆ. ಶಿವನಿಗೆ ಪ್ರಿಯವೆನ್ನುವ ಎಕ್ಕದ ಹೂವಿನ ಪರಾಗವು ಹುಡಿಯಾಗಿರದೆ ಸಣ್ಣ ಗಂಟುಗಳಾಗಿರುತ್ತದೆ. ಅವು ಈ ದುಂಬಿಯ ಕಾಲಿಗೆ ಸಿಕ್ಕಿಕೊಂಡು ಮತ್ತೊಂದು ಹೂವನ್ನು ಸೇರುತ್ತವೆ. ಬದನೆಯ ಹೂವಿನಲ್ಲಿ ಪರಾಗಕೋಶಗಳ ತುದಿಗೆ ಮಾತ್ರ ಕಿರುರಂಧ್ರ. ದುಂಬಿಯು ಹೂವನ್ನು ತಬ್ಬಿ ಮೈಯನ್ನು ಕಂಪಿಸಿದರೆ ಪರಾಗವು ಉದುರುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು. ಗಾಳಿಯಿಂದಲೂ ಕೆಲಮಟ್ಟಿಗೆ ಕಾಯಿ ಕಟ್ಟುವುದುಂಟು, ಆದರೆ ದುಂಬಿ ಬಂದ ಗಿಡದ ಸೊಬಗೇ ಬೇರೆ. ಹೀಗೆ ನಾಳಿನ ಎಕ್ಕದ ಹೂವಿಗೂ ಇಂದಿನ ದಾಸೋಹದ ಪಲ್ಯಕ್ಕೂ ಅದರ ಕಾಯಕವು ಸಂದಿದೆ. ಕೂಲಿಯೆಂದು ಅದು ಪಡೆಯುವುದು ತೊಟ್ಟು ಮಕರಂದ, ಹಿಡಿ ಪರಾಗ.

ಇನ್ನು ತೊಲೆಯ ಮಾತು. ಪಡಸಾಲೆಯ ಒಣತೊಲೆಯಲ್ಲಿ ಬೆರಳು ಹೋಗುವಷ್ಟು ದುಂಡನೆಯ ರಂಧ್ರ, ಕೆಳಗೆ ಮರದ ಹುಡಿ ಕಂಡೊಡನೆ ಮನೆಯೊಡೆಯನಿಗೆ ಸಿಟ್ಟು ಬರುತ್ತದೆ. ಗೆದ್ದಲಿನಂತೆ ದುಂಬಿಯು ಮರವನ್ನು ತಿನ್ನುವುದಿಲ್ಲ. ತಾಯಿದುಂಬಿಯು ಒಳಗೆ ಕೋಣೆ ಮಾಡಿ, ಪರಾಗವನ್ನು ಮಕರಂದದಲ್ಲಿ ಕಲಸಿ ಉಂಡೆಯಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು, ಮರದ ಹುಡಿಯಿಂದಲೇ ಗೋಡೆ ಕಟ್ಟುತ್ತದೆ. ಅದರಾಚೆ ಮತ್ತೊಂದು ಕೋಣೆ. ಎದುರಿಗೆ ಹಾರಾಡಿ ಹೆದರಿಸುವುದು ಬಹುಮಟ್ಟಿಗೆ ಗಂಡು. ಅದಕ್ಕೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಕೊಂಡಿಯುಂಟು, ಹಿಡಿದು ಹಿಂಸಿಸಿದಲ್ಲದೆ ಸಾಮಾನ್ಯವಾಗಿ ಚುಚ್ಚದು. ಬೆಳಗ್ಗೆ ಲಿಂಗಕ್ಕೆ ಹೂವೇರಿಸಿದ ಕೈಯೇ ಮಧ್ಯಾಹ್ನ ಆ ರಂಧ್ರಕ್ಕೆ ಗಾರೆ ಮೆತ್ತಿ ತಾಯಿಮಕ್ಕಳನ್ನು ಒಳಗೇ ಮುಚ್ಚುವುದುಂಟು. ಹೂವನ್ನು ಕೀಟವು ಮುಟ್ಟಬಾರದೆಂಬ ಮಡಿಗೂ ಈ ಕೃತ್ಯಕ್ಕೂ ಹೊಂದಿಕೆ ಎಲ್ಲಿಯದು?

ಹಾಗಾದರೆ ಗೃಹಸ್ಥನು ತನ್ನ ತೊಲೆಯನ್ನು ಬಿಟ್ಟುಕೊಡಬೇಕೆ ಎಂದು ಕೇಳಬಹುದು. ಕೇಳುವುದು ನ್ಯಾಯವೇ. ವರ್ಷವರ್ಷವೂ ಕೊರೆದ ಮರ ದುರ್ಬಲವಾಗುತ್ತದೆ. ತಲೆಯ ಮೇಲಿನ ಸೂರನ್ನು ಕಾಯುವುದೂ ಧರ್ಮ. ಆದರೆ ಬಣ್ಣ ಬಳಿದ ಮರವನ್ನು ದುಂಬಿಯು ಸಾಮಾನ್ಯವಾಗಿ ಕೊರೆಯದು. ಮರಿಗಳು ಹೊರಬಿದ್ದು ಗೂಡು ಬರಿದಾದ ಮೇಲೆ ರಂಧ್ರವನ್ನು ಮುಚ್ಚಿ ಬಣ್ಣ ಬಳಿಯಬಹುದು. ಹಿತ್ತಲ ಮೂಲೆಯಲ್ಲಿ ಒಂದು ಒಣಕೊರಡನ್ನೋ, ಸೂರಿನಡಿ ಒಂದೆರಡು ಒಣಬಿದಿರಿನ ತುಂಡುಗಳನ್ನೋ ಇಡಬಹುದು. ಹೂ ಕೊಯ್ಯುವಾಗ ಕೈಗೆಟುಕುವ ಕೊಂಬೆಗಳಷ್ಟೇ ಪೂಜೆಗೆ ಸಾಕು. ಏಣಿ ಹಾಕಿ ನೆತ್ತಿಯವರೆಗೆ ಬೋಳಿಸುವ ಅಗತ್ಯವಿಲ್ಲ. ಬಿದಿರಿಗೆ ದುಂಬಿ ಈ ವಸಂತದಲ್ಲಿಯೇ ಬಂದೀತೆಂದು ಹೇಳಲಾಗದು. ಮುಂದಿನ ಯುಗಾದಿಯ ಹೊತ್ತಿಗೆ ಅದರಡಿಯಲ್ಲಿ ಹಳದಿ ಹುಡಿ ಬಿದ್ದಿದ್ದರೆ, ಕಸ ಗುಡಿಸುವ ಮಗುವಿಗೆ ಅದು ಏನೆಂದು ಮನೆಯ ಹಿರಿಯರು ಹೇಳಬಹುದು.